ಮಡಿದ ಯೋಧರ ಹೆಸರನ್ನು ಯಾವ ಪುಸ್ತಕದಲ್ಲಿ ಬರೆಯಬೇಕು?

ರಾಜಿಂದರ್ ನಗರದಿಂದ ಬೆಳಿಗ್ಗೆ ಹೊರಟು ಒಂದು ಭಾನುವಾರದ ರಜೆಯಲ್ಲಿ ನೋಡಿ ಮುಗಿಸಬಹುದಾದಷ್ಟು ದೂರದಲ್ಲಿಯೇ, ಯುದ್ಧದಲ್ಲಿಯೂ ಕರ್ತವ್ಯದಲ್ಲಿಯೂ ಮಡಿದವರ ನಾಲ್ಕು ದೊಡ್ಡ ಸ್ಮಾರಕಗಳು ಇವೆ. ಇಂಡಿಯಾ ಗೇಟ್ ಒಂದು. ಅದರ ಬೆನ್ನಿಗೇ ಇರುವ ರಾಷ್ಟ್ರೀಯ ಯುದ್ಧ ಸ್ಮಾರಕ ಎರಡನೆಯದು. ತೀನ್ ಮೂರ್ತಿಯ ವೃತ್ತದಲ್ಲಿ ನಿಂತಿರುವ ಮೂವರು ಕಂಚಿನ ಸವಾರರು ಮೂರನೆಯದು. ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ಪೊಲೀಸ್ ಸ್ಮಾರಕ ನಾಲ್ಕನೆಯದು. ವಾಚಕರಲ್ಲಿ ಅನೇಕರು ಊರಿನಿಂದ ಬಂದ ನೆಂಟರಿಗೆ ಇವನ್ನೆಲ್ಲ ತೋರಿಸಿರಬಹುದು. ಆದರೆ ನೋಡಿ ಬಂದವರು ಮನೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಇವರಲ್ಲಿ ನಮ್ಮ ಜಿಲ್ಲೆಯವರು ಯಾರು, ಯಾವ ವರ್ಷ, ಎಲ್ಲಿ, ಹೇಗೆ ಸತ್ತರು? ಕಲ್ಲು ಅದಕ್ಕೆ ಉತ್ತರ ಹೇಳುವುದಿಲ್ಲ. ಹೇಳಬೇಕಾದದ್ದು ಪುಸ್ತಕ. ವಿಶ್ವಕೋಶ, ಗೆಜೆಟಿಯರ್, ಜಿಲ್ಲಾ ಕೈಪಿಡಿ ಮುಂತಾದ ಪರಾಮರ್ಶನ ಗ್ರಂಥಗಳು ಇರುವುದೇ ಅಂಥ ಕೆಲಸಕ್ಕೆ.

ಈ ವಿಷಯವನ್ನು ಈಗ ಎತ್ತಲು ಕಾರಣವುಂಟು. ನಮ್ಮ ವಾಚನಾಲಯದ ಪರಾಮರ್ಶನ ಕಪಾಟಿನಲ್ಲಿ ಇಡಲು, ಸ್ವಾತಂತ್ರ್ಯದ ತರುವಾಯ ಮಡಿದ ಕನ್ನಡನಾಡಿನ ಯೋಧರ ಹೆಸರುಗಳನ್ನು ಜಿಲ್ಲಾವಾರು ಬರೆದಿಡುವ ಒಂದು ರಿಜಿಸ್ಟರು ತೆರೆಯಬೇಕೆಂದು ಸಮಿತಿಯು ನಿಶ್ಚಯಿಸಿತು. ರಿಜಿಸ್ಟರು ತಂದದ್ದಾಯಿತು, ಗೆರೆ ಎಳೆದದ್ದಾಯಿತು. ಮೊದಲನೆಯ ಹೆಸರು ಬರೆಯುವಾಗಲೇ ಜಗಳ ಹುಟ್ಟಿತು. ಮದ್ದೂರಿನ ಕಡೆಯ ಒಬ್ಬ ಮಿತ್ರರು ‘ಗುಡಿಗೆರೆಯ ಗುರುವಿನ ಹೆಸರು ಮೊದಲು ಬರೆಯಿರಿ’ ಎಂದರು. ಇನ್ನೊಬ್ಬರು, ಕಚೇರಿಯಲ್ಲಿ ಕಡತ ನೋಡಿ ಪಳಗಿದವರು, ‘ಆತ ಸೈನ್ಯದವನಲ್ಲ, ಸಿ.ಆರ್.ಪಿ.ಎಫ್.ನವನು; ಈ ರಿಜಿಸ್ಟರಿಗೆ ಸಲ್ಲುವುದಿಲ್ಲ’ ಎಂದರು. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದುದರಿಂದ ಇಂಥ ಪ್ರಶ್ನೆಗಳನ್ನು ಬೇರೆ ಬೇರೆ ಕಾಲದವರು, ಬೇರೆ ಬೇರೆ ಪುಸ್ತಕದವರು ಹೇಗೆ ತೀರ್ಮಾನಿಸಿದ್ದಾರೆಂಬುದನ್ನು ನಾವು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಮೊದಲು ನಮ್ಮ ಮನೆಯ ಮಾತು. ಮಡಿದವರ ಹೆಸರು ಬರೆದಿಡುವ ವಿದ್ಯೆಯನ್ನು ಕನ್ನಡಿಗರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ನಮ್ಮ ಊರುಗಳ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲುಗಳು ನಿಂತಿಲ್ಲವೆ? ಅವುಗಳಲ್ಲಿ ರಾಜರ ಹೆಸರು ಬರುವುದು ಕಾಲ ತಿಳಿಸುವುದಕ್ಕಷ್ಟೆ. ಕಲ್ಲು ನಿಲ್ಲಿಸಿರುವುದು ಸತ್ತವನಿಗೆ. ಶತ್ರುಗಳು ತುರು ಹಿಡಿದಾಗ ಅಡ್ಡಹೋಗಿ ಸತ್ತ ಗೌಡನೋ, ಊರಳಿವಿನಲ್ಲಿ ಕಾದಿ ಬಿದ್ದ ಆಳೋ, ಅಂಥವನಿಗೆ. ಬೆಂಗಳೂರಿನ ಬೇಗೂರಿನಲ್ಲಿ ಸುಮಾರು 900ನೆಯ ಇಸವಿಯ ಹೊತ್ತಿನ ಒಂದು ಶಾಸನವುಂಟು. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬಾತನು ಸತ್ತನೆಂದು ಅದು ಹೇಳುತ್ತದೆ. ಇಂದು ಕೋಟಿ ಜನರಿರುವ ಆ ನಗರದ ಹೆಸರು ಕಲ್ಲಿನ ಮೇಲೆ ಮೊದಲು ಕಾಣುವುದು ಹೀಗೆ, ಸತ್ತವನೊಬ್ಬನ ಲೆಕ್ಕದಲ್ಲಿ! ಮದ್ದೂರು ತಾಲ್ಲೂಕಿನ ಆತಕೂರಿನದು ಇನ್ನೂ ಸೋಜಿಗ. ಹತ್ತನೆಯ ಶತಮಾನದ ಆ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯದು. ನಾಯಿಯ ಹೆಸರನ್ನೂ ಬಿಡದೆ ಬರೆದ ಜನ ನಾವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಲ್ಲುಗಳು ಪುಸ್ತಕವಾದದ್ದು ಬಿ. ಎಲ್. ರೈಸ್ ಅವರು 1886ರಿಂದ ಹೊರತರಲಾರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕಾ’ ಸಂಪುಟಗಳಿಂದ. ತಾಲ್ಲೂಕಿಗೆ ತಾಲ್ಲೂಕು ತಿರುಗಿ, ಕಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆ ಓದಿಸಿ, ಊರಿನ ಹೆಸರಿನ ಕೆಳಗೆ ನಂಬರು ಹಾಕಿ ಅಚ್ಚು ಹಾಕಿಸಿದರು. ಒಂದು ಮಾತನ್ನು ಗಮನಿಸಬೇಕು: ಯಾವ ವೀರ ಮುಖ್ಯ, ಯಾವನು ಅಮುಖ್ಯ ಎಂದು ಆರಿಸುವ ಗೋಜಿಗೆ ಆ ಸಂಪುಟಗಳು ಹೋಗಲಿಲ್ಲ. ಸಿಕ್ಕಿದ ಕಲ್ಲಿಗೆಲ್ಲ ಜಾಗವಿತ್ತು.

ಇನ್ನು ಹೊರಗಿನ ಪ್ರಪಂಚ. ಮೊದಲನೆಯ ಮಹಾಯುದ್ಧದ ನಡುವೆ, 1917ರ ಮೇ ತಿಂಗಳಲ್ಲಿ, ಬ್ರಿಟಿಷರು ಯುದ್ಧ ಸಮಾಧಿಗಳ ಆಯೋಗವೊಂದನ್ನು ಸ್ಥಾಪಿಸಿದರು. ಸತ್ತ ಪ್ರತಿಯೊಬ್ಬನ ಹೆಸರೂ ಕಲ್ಲಿನ ಮೇಲೆ ಬರಬೇಕು. ಅಧಿಕಾರಿ ಸಿಪಾಯಿ ಎಂದಾಗಲಿ, ಮತ ವರ್ಣ ಎಂದಾಗಲಿ ಭೇದ ಕೂಡದು ಎಂಬುದು ಅದರ ಸೂತ್ರ. ಸೂತ್ರ ಬಹಳ ಚೆನ್ನಾಗಿತ್ತು. ಫ್ರಾನ್ಸಿನ ನ್ಯೂವ್ ಶಪೆಲ್ ಎಂಬಲ್ಲಿ 1927ರಲ್ಲಿ ಆರಂಭವಾದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಹೀಗೆಯೇ ಕೊರೆದಿದ್ದಾರೆ. ಆದರೆ ಇರಾಕಿನ ಬಸ್ರಾದ ಸ್ಮಾರಕಕ್ಕೆ ಬಂದಾಗ ಸೂತ್ರ ಸಡಿಲವಾಯಿತು. ಅಲ್ಲಿ ಬ್ರಿಟಿಷ್ ಸಿಪಾಯಿಯ ಹೆಸರು ಬಂತು. ಭಾರತೀಯ ಅಧಿಕಾರಿಯ ಹೆಸರೂ ಬಂತು. ಭಾರತೀಯ ಸಾಮಾನ್ಯ ಸಿಪಾಯಿಗೆ ಮಾತ್ರ, ಇಂಥ ಪಲ್ಟನಿನಲ್ಲಿ ಇಷ್ಟು ಜನ ಎಂಬ ಒಂದು ಅಂಕಿ. ಆ ಆಯೋಗವೇ ನೇಮಿಸಿದ ಸಮಿತಿಯೊಂದು 2021ರಲ್ಲಿ ವರದಿ ಕೊಟ್ಟು, ಭಾರತ, ಆಫ್ರಿಕ ಮುಂತಾದ ಕಡೆಯ 45,000ದಿಂದ 54,000 ಮಂದಿಯನ್ನು ಸಮಾನವಾಗಿ ಸ್ಮರಿಸಲಿಲ್ಲವೆಂದೂ, ಕನಿಷ್ಠ 1,16,000 ಮಂದಿಯ ಹೆಸರೇ ಎಲ್ಲಿಯೂ ಬರಲಿಲ್ಲವೆಂದೂ ಒಪ್ಪಿಕೊಂಡಿತು. ಆಯೋಗ ಕ್ಷಮೆ ಕೇಳಿತು. ನೂರು ವರ್ಷದ ಮೇಲೆ!

ಗಿರಣಿಯ ಮಸ್ಟರು ಬರೆಯುವ ನಮಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಕಾಯಂ ಕೆಲಸಗಾರನಿಗೆ ಮಸ್ಟರಿನಲ್ಲಿ ಹೆಸರು. ಗುತ್ತಿಗೆಯ ಕೂಲಿಗೆ ‘ಗಂಡಾಳು ಹನ್ನೆರಡು’ ಎಂದು ಒಂದು ಸಾಲು. ಬರೆಯುವವನಿಗೆ ದ್ವೇಷವೇನೂ ಇರುವುದಿಲ್ಲ, ಅವಸರ ಇರುತ್ತದೆ. ಹತ್ತು ವರ್ಷ ಕಳೆದು ಯಾರಾದರೂ ಬಂದು ‘ನಮ್ಮಪ್ಪ ಇಲ್ಲಿ ದುಡಿದದ್ದುಂಟೆ’ ಎಂದು ಕೇಳಿದರೆ ಮಾತ್ರ ಆ ಹನ್ನೆರಡು ಎಂಬ ಅಂಕಿ ಬಾಯಿ ಬಿಡುವುದಿಲ್ಲ.

ಇಂಡಿಯಾ ಗೇಟಿನದೂ ಪೂರ್ಣವಾದ ಪಟ್ಟಿಯಲ್ಲ. 1921ರಲ್ಲಿ ಅಡಿಗಲ್ಲು ಹಾಕಿ 1931ರಲ್ಲಿ ಮುಗಿಸಿದ ಆ ಕಮಾನು ಸುಮಾರು 70,000 ಭಾರತೀಯ ಯೋಧರ ನೆನಪಿನದು. ಕೊರೆದಿರುವ ಹೆಸರುಗಳು 13 ಸಾವಿರದ ಮೇಲೆ ಚಿಲ್ಲರೆ ಮಾತ್ರ. ಸ್ವತಂತ್ರ ಭಾರತದ ಯೋಧರಿಗೆ ಹೆಸರು ಹೆಸರಾಗಿ ಸ್ಮಾರಕವಾಗಲು 2019ರ ಫೆಬ್ರವರಿ 25ರವರೆಗೆ ಕಾಯಬೇಕಾಯಿತು. ಅಂದು ಆರಂಭವಾದ ರಾಷ್ಟ್ರೀಯ ಯುದ್ಧ ಸ್ಮಾರಕದ ‘ತ್ಯಾಗ ಚಕ್ರ’ದ ಗೋಡೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಬಿಲ್ಲೆಯಂತೆ ಆಗ 25,942 ಹೆಸರುಗಳಿದ್ದವು, ಆಮೇಲೆಯೂ ಸೇರುತ್ತಲೇ ಇವೆ. 1972ರಿಂದ ಇಂಡಿಯಾ ಗೇಟಿನ ಕೆಳಗೆ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಇಲ್ಲಿಯ ಜ್ಯೋತಿಯೊಡನೆ ಸೇರಿಸಿದರು. ಪ್ರವೇಶಕ್ಕೆ ಹಣವಿಲ್ಲ. ಹೋಗದವರು ಒಮ್ಮೆ ಹೋಗಿ ಬರಬೇಕು.

ತೀನ್ ಮೂರ್ತಿಯ ವಿಚಾರ ಬೇರೆಯೇ ಒಂದು ತೊಡಕು. ಅಲ್ಲಿಯ ಮೂವರಲ್ಲಿ ಒಬ್ಬನು ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವನು. ಉಳಿದಿಬ್ಬರು ಜೋಧಪುರ, ಹೈದರಾಬಾದುಗಳವರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಮೆಷಿನ್ ಗನ್ನಿಗೆ ಎದುರಾಗಿ ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿದ್ದು ಸಾಮಾನ್ಯವಾದ ಸಾಹಸವಲ್ಲ. 2018ರ ಜನವರಿಯಲ್ಲಿ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟರು. ಈಗ ಪ್ರಶ್ನೆ ಏನೆಂದರೆ, ಇವರು ಸತ್ತದ್ದು ಯಾರಿಗಾಗಿ? ದೇಶಕ್ಕಾಗಿ ಎಂದು ಒಂದು ಪುಸ್ತಕ ಬರೆದೀತು, ಬ್ರಿಟಿಷ್ ಚಕ್ರಾಧಿಪತ್ಯಕ್ಕಾಗಿ ಎಂದು ಇನ್ನೊಂದು. ನಮಗೆ ತೋರುವುದು ಇಷ್ಟು: ಮೈಸೂರು ಸಂಸ್ಥಾನದ ಪಡೆಯವರು, ಬ್ರಿಟಿಷರ ಸೇನಾಧಿಪತ್ಯದಲ್ಲಿ, ಪ್ಯಾಲೆಸ್ಟೈನಿನಲ್ಲಿ, ತುರ್ಕರ ಮೇಲೆ ಕಾದಿದರು. ನಡೆದದ್ದನ್ನು ಹೀಗೆ ಬರೆದರೆ ಸಾಕು. ಶೌರ್ಯ ಕಡಮೆಯಾಗುವುದಿಲ್ಲ, ಚರಿತ್ರೆಯೂ ಕೆಡುವುದಿಲ್ಲ.

ಈಗ ಮದ್ದೂರಿನ ಮಿತ್ರರ ಪ್ರಶ್ನೆ. 2019ರ ಫೆಬ್ರವರಿ 14ರಂದು ಕಾಶ್ಮೀರದ ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್. ವಾಹನಗಳ ಸಾಲಿನ ಮೇಲೆ ಸ್ಫೋಟಕ ತುಂಬಿದ ಕಾರನ್ನು ನುಗ್ಗಿಸಿದರು. 40 ಮಂದಿ ಸತ್ತರು. ಅವರಲ್ಲಿ ಮಂಡ್ಯ ಜಿಲ್ಲೆ ಗುಡಿಗೆರೆಯ ಎಚ್. ಗುರು ಒಬ್ಬರು. ಇದಾದ ಹನ್ನೊಂದನೆಯ ದಿನಕ್ಕೆ ರಾಷ್ಟ್ರೀಯ ಯುದ್ಧ ಸ್ಮಾರಕ ಆರಂಭವಾಯಿತು. ಆದರೆ ಆ ಗೋಡೆಗಳು ಭೂಸೇನೆ, ನೌಕಾದಳ, ವಿಮಾನದಳಗಳವರಿಗೆ ಮೀಸಲು. ಸಿ.ಆರ್.ಪಿ.ಎಫ್. ಗೃಹ ಮಂತ್ರಾಲಯದ ಅಧೀನದ ಪಡೆ. ಅದರವರ ಹೆಸರಿಗೆ ಸ್ಥಳ ಚಾಣಕ್ಯಪುರಿಯ ಪೊಲೀಸ್ ಸ್ಮಾರಕದಲ್ಲಿ. 2018ರ ಅಕ್ಟೋಬರ್ 21ರಂದು ಅದು ಆರಂಭವಾದಾಗ ಅಲ್ಲಿ 34,844 ಹೆಸರುಗಳಿದ್ದವು. ಆ ತಾರೀಖಿಗೂ ಅರ್ಥವುಂಟು: 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀಯರ ಗುಂಡಿಗೆ ಹತ್ತು ಪೊಲೀಸರು ಬಲಿಯಾದರು. ಗಡಿಯಲ್ಲಿ ಚೀನೀಯರಿಂದ ಸತ್ತವರು, ಆದರೆ ಪೊಲೀಸರು! ಯಾವ ಮಂತ್ರಾಲಯದಿಂದ ಸಂಬಳ ಬರುತ್ತಿತ್ತು ಎಂಬುದರ ಮೇಲೆ ಯಾವ ಗೋಡೆ ಎಂಬುದು ತೀರ್ಮಾನವಾಗುತ್ತದೆ. ಸರ್ಕಾರಕ್ಕೆ ಇದು ಅನಿವಾರ್ಯವಿರಬಹುದು. ಜಿಲ್ಲೆಯ ಕೈಪಿಡಿಗೆ ಇದೇ ನಿಯಮ ಏಕಿರಬೇಕೋ ನಮಗೆ ತಿಳಿಯದು. ಊರಿನ ಜನಕ್ಕೆ ಗೊತ್ತಿರುವುದು ಹುಡುಗ ಸಮವಸ್ತ್ರದಲ್ಲಿ ಹೋದ, ಪೆಟ್ಟಿಗೆಯಲ್ಲಿ ಬಂದ ಎಂಬುದು ಮಾತ್ರ.

ಸೈನ್ಯದ ಒಳಗೂ ಸಾವುಗಳ ವರ್ಗೀಕರಣ ಇದೆ. ಹೋರಾಟದ ಕಾರ್ಯಾಚರಣೆಯಲ್ಲಿ ಆದದ್ದು ಬ್ಯಾಟ್ಲ್ ಕ್ಯಾಷುಯಾಲ್ಟಿ. ಬೇರೆಯದು ಫಿಸಿಕಲ್ ಕ್ಯಾಷುಯಾಲ್ಟಿ. ಮನೆಯವರಿಗೆ ಸಲ್ಲುವ ಪಿಂಚಣಿ ಪರಿಹಾರಗಳು ಇದನ್ನು ಅವಲಂಬಿಸಿರುವುದರಿಂದ ಈ ಎರಡು ಪದಗಳ ಅಂತರ ಬಹಳ ದೊಡ್ಡದು. ಗುಂಡು ತಾಗಲೇಬೇಕೆಂದಿಲ್ಲ. ಸಿಯಾಚಿನ್ನಿನಂಥ ಕಡೆ ಹಿಮವೇ ಶತ್ರು. 2016ರ ಫೆಬ್ರವರಿ 3ರಂದು ಅಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಮೇಲೆ ಹಿಮದಡಿಯಿಂದ ಜೀವಂತವಾಗಿ ತೆಗೆದು ಇದೇ ದೆಹಲಿಯ ಕಂಟೋನ್ಮೆಂಟಿನ ಸೈನಿಕ ಆಸ್ಪತ್ರೆಗೆ ತಂದರು. ಆಗ ಇಲ್ಲಿಯ ಕನ್ನಡಿಗರಲ್ಲಿ ಹರಕೆ ಹೊರದವರು ಯಾರು? ಫೆಬ್ರವರಿ 11ರಂದು ಅವರು ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶರೂ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶರೂ ಇದ್ದರು. ಪುಸ್ತಕ ಬರೆಯುವವನು ಉದಾಸೀನನಾದರೆ ಹತ್ತು ಹೆಸರಿನ ಮುಂದೆಯೂ ‘3-2-2016’ ಎಂದು ಹಾಕಿ ಮುಗಿಸಿಬಿಡುತ್ತಾನೆ. ಆಗ ಬೆಟದೂರಿನವರು ಆರು ದಿನ ಹಿಮದೊಳಗೆ ಜೀವ ಹಿಡಿದಿದ್ದ ಸಂಗತಿಯೇ ಅಳಿಸಿಹೋಗುತ್ತದೆ. ಒಂದು ತಾರೀಖಿನಲ್ಲಿ ಇಷ್ಟು ಇರುತ್ತದೆ.

‘ಹುತಾತ್ಮ’ ಎಂಬ ಪದದ ಬಗ್ಗೆಯೂ ಎರಡು ಮಾತು. ಪತ್ರಿಕೆಗಳಲ್ಲಿ ದಿನವೂ ನೋಡುತ್ತೇವೆ. ಹುತ ಎಂದರೆ ಅಗ್ನಿಗೆ ಅರ್ಪಿಸಿದ್ದು. ತನ್ನನ್ನೇ ಆಹುತಿ ಕೊಟ್ಟವನು ಹುತಾತ್ಮ. ಇಲ್ಲಿಯವರು ಹೇಳುವ ಶಹೀದ್ ಅರಬ್ಬೀ ಪದ, ಮೂಲಾರ್ಥ ಸಾಕ್ಷಿ. ಇಂಗ್ಲಿಷಿನ ಮಾರ್ಟರ್ ಗ್ರೀಕಿನಿಂದ ಬಂದದ್ದು, ಅದರ ಮೂಲಾರ್ಥವೂ ಸಾಕ್ಷಿಯೇ. ಮೂರೂ ಧರ್ಮದ ಕಾವಲಿಯಲ್ಲಿ ಬೆಳೆದ ಪದಗಳು. ಸೈನ್ಯದಲ್ಲಾಗಲಿ ಅರೆಸೈನಿಕ ಪಡೆಗಳಲ್ಲಾಗಲಿ ಇಂಥ ಪದಕ್ಕೆ ಅಧಿಕೃತವಾದ ಅರ್ಥನಿರೂಪಣೆ ಇಲ್ಲವೆಂದು ಸರ್ಕಾರವು ಸಂಸತ್ತಿನಲ್ಲಿ ತಿಳಿಸಿದ್ದುಂಟು. 2022ರ ಫೆಬ್ರವರಿಯಲ್ಲಿ ಸೇನೆಯೇ ತನ್ನ ಅಂಗಗಳಿಗೆ ಪತ್ರ ಬರೆದು, ಮಾರ್ಟರ್ ಎಂಬುದನ್ನು ಬಳಸದೆ, ಕಾರ್ಯಾಚರಣೆಯಲ್ಲಿ ಹತರಾದರು, ದೇಶಕ್ಕಾಗಿ ಪ್ರಾಣ ಕೊಟ್ಟರು ಎಂಬಂಥ ಮಾತುಗಳನ್ನು ಬಳಸಬೇಕೆಂದು ಸೂಚಿಸಿತು. ಸಭೆಯಲ್ಲಿ ಭಾಷಣ ಮಾಡುವವರು ಹುತಾತ್ಮ ಎನ್ನಲಿ, ಮನಸ್ಸು ತುಂಬಿ ಬಂದಾಗ ಬರುವ ಮಾತು ಅದು. ಪರಾಮರ್ಶನ ಗ್ರಂಥಕ್ಕೆ ಮಾತ್ರ ‘ಮಡಿದರು’ ಎಂಬುದೇ ಒಪ್ಪುತ್ತದೆಯೆಂದು ನಮ್ಮ ಅಭಿಪ್ರಾಯ. ಒಬ್ಬನನ್ನು ಹುತಾತ್ಮನೆಂದು ಬರೆದು ಪಕ್ಕದವನನ್ನು ಹಾಗೆ ಬರೆಯದೆ ಬಿಟ್ಟರೆ, ಬಿಟ್ಟವನ ತಾಯಿಗೆ ಪುಸ್ತಕ ಏನೆಂದು ಉತ್ತರ ಹೇಳೀತು?

ಸತ್ತದ್ದು ನಿಜವೇ ಎಂಬುದನ್ನೂ ನೋಡಿಕೊಳ್ಳಬೇಕು. ಇದು ಹಾಸ್ಯದ ಮಾತಲ್ಲ. 1962ರ ಅಕ್ಟೋಬರಿನಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ದಡದ ಸಿರಿಜಾಪ್ ಠಾಣೆಯಲ್ಲಿ ಕಾದಿದ ಮೇಜರ್ ಧನ್ ಸಿಂಗ್ ಥಾಪಾ ಅವರು ಸತ್ತರೆಂದು ನಂಬಿ ಮರಣೋತ್ತರವಾಗಿ ಪರಮವೀರ ಚಕ್ರವನ್ನು ಪ್ರಕಟಿಸಿದರು. ಅವರು ಚೀನೀಯರ ಸೆರೆಯಲ್ಲಿದ್ದರು, 1963ರ ಮೇ ತಿಂಗಳಲ್ಲಿ ಮರಳಿ ಬಂದರು, 2005ರವರೆಗೆ ಬದುಕಿದ್ದರು. 1971ರ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಮನೆಗಳಲ್ಲಿ ಇರಬಹುದೆಂದು ನಂಬಲಾದ 54 ಮಂದಿಯ ಪಟ್ಟಿಯೊಂದು ಇಂದಿಗೂ ಬಗೆಹರಿದಿಲ್ಲ. ಕಾಣೆಯಾದವರನ್ನು ಮಡಿದವರೆಂದು ಬರೆಯುವ ಹಕ್ಕು ಪುಸ್ತಕಕ್ಕೆ ಇಲ್ಲ.

ಇದಕ್ಕೆ ತಿರುಗುಮುರುಗಾದ ಕಥೆ ನಮ್ಮ ಕೊಡಗಿನದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಮಿಸ್ಟೀರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಕಾಣೆಯಾದರೆಂದು ಬರೆದರು, ಆಮೇಲೆ ಮಡಿದರೆಂದು ಬರೆದರು. ಅಷ್ಟಕ್ಕೇ ಕಡತ ಮುಚ್ಚಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಆ ವಾಯುಯುದ್ಧದ ಪುಸ್ತಕವನ್ನು ಪ್ರಕಟಿಸಿದಾಗ, ಒಂದು ಮಿಸ್ಟೀರು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದುರುಳಿಸಿತ್ತೆಂಬುದು ಹೊರಬಿತ್ತು. ಲೆಕ್ಕ ಹಾಕಿ ನೋಡಿದರೆ ಅದು ದೇವಯ್ಯನವರದೇ. 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ, ಅವರಿಗೆ ಮಹಾವೀರ ಚಕ್ರ ಸಂದಿತು. ಶತ್ರುಪಕ್ಷದ ಬರಹ ಇಲ್ಲದಿದ್ದರೆ ನಮ್ಮ ಪುಸ್ತಕಗಳಲ್ಲಿ ಅವರು ಒಂದೇ ಸಾಲಿನ ‘ಕಾಣೆ’ಯಾಗಿಯೇ ಉಳಿಯುತ್ತಿದ್ದರು. ಇಂಥ ಹೆಸರಿನ ಮುಂದೆ ಸ್ವಲ್ಪ ಖಾಲಿ ಜಾಗ ಬಿಡುವುದು ಜಾಣತನ.

ವಿಶ್ವಕೋಶದವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಒಟ್ಟು 14 ಸಂಪುಟ. ಅಷ್ಟು ದೊಡ್ಡದರಲ್ಲಿಯೂ ಎಲ್ಲರನ್ನೂ ಹಿಡಿಸಲಾಗದು. ಒಬ್ಬ ವ್ಯಕ್ತಿಯ ಬಗ್ಗೆ ಪ್ರತ್ಯೇಕ ಲೇಖನ ಬರೆಯಲು ಬೇಕಾದಷ್ಟು ಲಿಖಿತ ಆಧಾರವಿದೆಯೇ ಎಂದು ವಿಶ್ವಕೋಶ ಕೇಳುತ್ತದೆ. ಮೊಬೈಲಿನಲ್ಲಿ ಎಲ್ಲರೂ ನೋಡುವ ವಿಕಿಪೀಡಿಯದಲ್ಲಿ ಕಾಗದದ ಕೊರತೆಯಿಲ್ಲ, ಆದರೂ ಅದು ಸ್ಮಾರಕ ಸ್ಥಳವಲ್ಲ ಎಂಬ ನಿಯಮವುಂಟು. ದುಃಖದ ತೂಕವನ್ನು ನೋಡಿ ಲೇಖನ ಕೊಡುವುದಾದರೆ ಯಾರಿಗೆ ಇಲ್ಲವೆನ್ನುವುದು? ಆದ್ದರಿಂದ ಜೀವನಚರಿತ್ರೆ ಬೇರೆ, ನಾಮಾವಳಿ ಬೇರೆ ಎಂದು ತಿಳಿಯಬೇಕು. ದೇವಯ್ಯನವರಿಗೆ ಲೇಖನ ಸಲ್ಲುತ್ತದೆ. ಹೆಸರು ಎಲ್ಲರಿಗೂ ಸಲ್ಲುತ್ತದೆ. ವಿಶ್ವಕೋಶ ಬಿಟ್ಟದ್ದನ್ನು ಜಿಲ್ಲೆಯ ಗೆಜೆಟಿಯರು ಹಿಡಿಯಬೇಕು, ಅದೂ ಬಿಟ್ಟದ್ದನ್ನು ನಮ್ಮಂಥವರು ಹಿಡಿಯಬೇಕು.

ಕೊನೆಗೆ ಗುಮಾಸ್ತಿಕೆಯ ಸಣ್ಣ ಸಂಗತಿ ಒಂದಿದೆ, ಅದೇ ದೊಡ್ಡದು. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಹಿಂದಿಗೆ ಬಂದು, ಮರಳಿ ಕನ್ನಡಕ್ಕೆ ಬರುವಷ್ಟರಲ್ಲಿ ಹೆತ್ತವರಿಗೇ ಗುರುತು ಸಿಗುವುದಿಲ್ಲ. ಕೊಪ್ಪದ ಎಂಬುದು ಕೊಪ್ಪಡ್ ಆಗುತ್ತದೆ. ಧಾರವಾಡದ ಕಡೆ ಅಡ್ಡಹೆಸರು ಕೊನೆಗೆ, ಮೈಸೂರಿನ ಕಡೆ ಊರಿನ ತಂದೆಯ ಇನಿಷಿಯಲ್ಲು, ಕೊಡಗಿನಲ್ಲಿ ಮನೆತನದ ಹೆಸರು ಮೊದಲಿಗೆ. ದೇವಯ್ಯನವರನ್ನು ‘ಅ’ದಲ್ಲಿ ಹುಡುಕಬೇಕೆ ‘ದ’ದಲ್ಲಿಯೇ? ಎರಡು ಕಡೆಯೂ ಹಾಕಿ ಒಂದರಿಂದ ಇನ್ನೊಂದಕ್ಕೆ ಸೂಚನೆ ಕೊಡುವುದೇ ಸರಿ.

ಮೇಲಿನದೆಲ್ಲವನ್ನೂ ಚರ್ಚಿಸಿ ಸಮಿತಿಯು ಹೀಗೆ ಗೊತ್ತುಮಾಡಿದೆ. ಸೈನ್ಯ, ಅರೆಸೈನ್ಯ, ಪೊಲೀಸು ಮೂರೂ ಒಂದೇ ರಿಜಿಸ್ಟರಿನಲ್ಲಿ ಬರುತ್ತವೆ. ಯಾವ ಪಡೆ ಎಂಬುದಕ್ಕೆ ಬೇರೆ ಅಂಕಣ. ಗುರುವಿನ ಹೆಸರು ಮಂಡ್ಯ ಜಿಲ್ಲೆಯ ಮೊದಲ ಪುಟದಲ್ಲಿ ಬರೆದಾಗಿದೆ. ಎಲ್ಲರಿಗೂ ‘ಮಡಿದರು’; ಕಾಣೆಯಾದವರಿಗೆ ಬೇರೆ ಪುಟ. ಪದಕದ ವಿಷಯವನ್ನು ಭಾರತ ಸರ್ಕಾರದ ಗೆಜೆಟ್ಟಿನ ಆಧಾರವಿಲ್ಲದೆ ಬರೆಯುವುದಿಲ್ಲ. ಜಾತಿಯ ಅಂಕಣ ಬೇಕೆಂದು ಬಂದ ಸಲಹೆಯನ್ನು ಒಪ್ಪಲಿಲ್ಲ. ಹೆಂಡತಿ ಮಕ್ಕಳ ಹೆಸರು, ವಿಳಾಸ, ಸಿಕ್ಕಿದ ಪರಿಹಾರದ ಹಣ ಇವು ಯಾವುವೂ ಬೇಡ. ಅವು ಮನೆಯ ಸಂಗತಿಗಳು.

ಬೆಳಗಾವಿ, ವಿಜಯಪುರ, ಹಾವೇರಿ, ಗದಗ ಜಿಲ್ಲೆಗಳ ಪುಟಗಳು ಇನ್ನೂ ಬರಿದಾಗಿವೆ. ಸೈನ್ಯಕ್ಕೆ ಮನೆಗೊಬ್ಬರಂತೆ ಹೋಗುವ ಊರುಗಳು ಆ ಕಡೆ ಎಷ್ಟಿವೆ ಎಂಬುದು ಅಲ್ಲಿಯವರಿಗೆ ಗೊತ್ತು. ದಸರೆಗೋ ಸಂಕ್ರಾಂತಿಗೋ ಊರಿಗೆ ಹೋಗುವ ಮಿತ್ರರು ಶಾಲೆಯ ಮುಂದೆ, ಬಸ್ ನಿಲ್ದಾಣದ ಬಳಿ, ಹೊಲದಲ್ಲಿ ಯೋಧರ ಹೆಸರಿನ ಕಲ್ಲು ಕಂಡರೆ ಅದರ ಮೇಲಿರುವುದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಂಡು ಬರಬೇಕು. ತಪ್ಪಿದ್ದರೆ ತಪ್ಪನ್ನೂ ಹಾಗೆಯೇ ಬರೆಯಿರಿ, ತಿದ್ದಬೇಡಿ. ಮೊಬೈಲಿನಲ್ಲಿ ಪಟ ತೆಗೆದರೆ ಇನ್ನೂ ಒಳ್ಳೆಯದು. ಕಲ್ಲಿನ ಹಿಂಬದಿಯನ್ನೂ ನೋಡಿ, ತಾರೀಖು ಬಹಳ ಸಲ ಅಲ್ಲಿರುತ್ತದೆ. ರಿಜಿಸ್ಟರು ಸಂಜೆ ವಾಚನಾಲಯ ತೆರೆದಿರುವಷ್ಟು ಹೊತ್ತೂ ಮೇಜಿನ ಮೇಲೆಯೇ ಇರುತ್ತದೆ. ಮನೆಗೆ ಒಯ್ಯಲು ಮಾತ್ರ ಕೊಡುವುದಿಲ್ಲ.